ಪ್ಯಾರಿಸ್ಸಿನ ವಿದ್ಯಾರ್ಥಿನಿಯ ತ್ರಿಕೋನ

ನಗರವೊಂದರ ಚರಿತ್ರೆಯನ್ನು ಬರೆಯಹೊರಟವನಿಗೆ ಕೋಟೆಕೊತ್ತಲಗಳೂ ಗುಡಿಗೋಪುರಗಳೂ ಶಾಸನಗಳೂ ಪುರಸಭೆಯ ಕಡತಗಳೂ ಆಧಾರವಾಗಿ ದೊರೆಯುತ್ತವೆ. ಆ ನಗರದ ನಿವಾಸಿಗಳು ದಿನದಿನವೂ ಎಲ್ಲಿಂದ ಹೊರಟು, ಯಾವ ಬೀದಿ ಹಿಡಿದು, ಎಲ್ಲಿಗೆ ಹೋದರೆಂಬುದಕ್ಕೆ ಮಾತ್ರ ಯಾವ ಶಾಸನವೂ ಇಲ್ಲ. ನಡೆದ ಹೆಜ್ಜೆ ಅಲ್ಲಿಯೇ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳ ವಿಷಯದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ವಿಶ್ವವಿದ್ಯಾನಿಲಯದ ದಫ್ತರುಗಳಲ್ಲಿ ಅವರ ಹೆಸರು, ತರಗತಿ, ಶುಲ್ಕ, ಅಂಕಗಳು ಉಳಿಯುತ್ತವೆಯೇ ಹೊರತು ಮನೆಯಿಂದ ಕಾಲೇಜಿಗೆ ಅವರು ಸವೆಸಿದ ದಾರಿ ಉಳಿಯುವುದಿಲ್ಲ. ಆ ದಾರಿಯನ್ನು ಹಿಡಿದಿಡುವ ಪ್ರಯತ್ನಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ ಹಲವು ದೇಶಗಳಲ್ಲಿ ನಡೆದಿವೆ. ಅವುಗಳಲ್ಲಿ ಕೆಲವನ್ನು ಪರಿಶೀಲಿಸಿ, ಕಾಗದದ ಮೇಲೆ ಮೂಡಿದ ಒಂದು ರೇಖೆಯಿಂದ ವಿದ್ಯಾರ್ಥಿಯ ಜೀವನವನ್ನು ಕುರಿತು ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬುದನ್ನು ವಿಚಾರಮಾಡುವುದು ಇಲ್ಲಿ ನಮ್ಮ ಉದ್ದೇಶ.

1952ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಾಲ್-ಆನ್ರಿ ಶೊಂಬಾರ್ ದ ಲೋವ್ ಪ್ಯಾರಿಸ್ ನಗರವನ್ನೂ ಅದರ ಸುತ್ತಣ ಪ್ರದೇಶವನ್ನೂ ಕುರಿತು ಎರಡು ಸಂಪುಟಗಳ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಒಂದು ಸಣ್ಣ ನಕ್ಷೆಯಿದೆ. ನಗರದ ಹದಿನಾರನೆಯ ವಿಭಾಗದಲ್ಲಿ ವಾಸವಾಗಿದ್ದ ಒಬ್ಬ ತರುಣಿ ಒಂದು ವರ್ಷದ ಅವಧಿಯಲ್ಲಿ ಮಾಡಿದ ಸಂಚಾರವನ್ನೆಲ್ಲ ಅದರಲ್ಲಿ ರೇಖೆಗಳಾಗಿ ಗುರುತಿಸಿದೆ. ಆಕೆ ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಹದಿನಾರನೆಯ ವಿಭಾಗವೆಂದರೆ ಸೇನ್ ನದಿಯ ಬಲದಂಡೆಯಲ್ಲಿ, ನಗರದ ಪಶ್ಚಿಮಕ್ಕಿರುವ ಸ್ಥಿತಿವಂತರ ನೆಲೆ. ರಾಜ್ಯಶಾಸ್ತ್ರದ ವಿದ್ಯಾಲಯವಿರುವುದು ನದಿಯಾಚೆಯ ಏಳನೆಯ ವಿಭಾಗದಲ್ಲಿ. ಆಕೆ ಹೋಗಿಬಂದ ದಾರಿಗಳನ್ನು ಒಂದರ ಮೇಲೊಂದು ಎಳೆಯುತ್ತ ಹೋದಂತೆ ಕೆಲವು ಗೆರೆಗಳು ದಪ್ಪವಾಗಿ, ಕೊನೆಗೆ ಒಂದು ಪುಟ್ಟ ತ್ರಿಕೋನ ಕಪ್ಪಾಗಿ ಎದ್ದುನಿಂತಿದೆ. ಅದರ ಒಂದು ತುದಿ ಮನೆ, ಇನ್ನೊಂದು ತುದಿ ವಿದ್ಯಾಲಯ, ಮೂರನೆಯದು ಆಕೆಗೆ ಪಿಯಾನೊ ಕಲಿಸುತ್ತಿದ್ದ ಗುರುವಿನ ಮನೆ. ಅದರಾಚೆಗೆ ಹೊರಟ ಎಳೆಗಳು ಕೆಲವಿವೆ. ಆದರೆ ಅವು ಕೂದಲೆಳೆಗಳು. ಇಪ್ಪತ್ತು ವಿಭಾಗಗಳ ಮಹಾನಗರದ ಉಳಿದ ಭಾಗವೆಲ್ಲ ನಕ್ಷೆಯ ಮೇಲೆ ಬಿಳಿಯಾಗಿಯೇ ಉಳಿದಿದೆ.

ಇಂಥ ನಕ್ಷೆ ಈ ವಿದ್ವಾಂಸರಿಗೆ ಹೊಳೆದುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. 1913ರಲ್ಲಿ ಹುಟ್ಟಿದ ಶೊಂಬಾರ್ ದ ಲೋವ್ ಮಾರ್ಸೆಲ್ ಮೋಸ್ ಅವರ ಶಿಷ್ಯರಾಗಿ ಮಾನವಕುಲಶಾಸ್ತ್ರವನ್ನು ಕಲಿತವರು. ಮೇಲಾಗಿ ವಿಮಾನ ಚಾಲಕರು. 1936ರಲ್ಲಿ ಮಾರ್ಸೆಲ್ ಗ್ರಿಯೋಲ್ ಅವರು ಆಫ್ರಿಕಕ್ಕೆ ಕೈಗೊಂಡ ಸಂಶೋಧನ ಯಾತ್ರೆಯಲ್ಲಿ ಇವರೂ ಇದ್ದರು. ಆಕಾಶದಿಂದ ನೆಲವನ್ನು ನೋಡಿದರೆ ಏನೇನು ತಿಳಿಯುತ್ತದೆಂಬುದನ್ನು ಕುರಿತು 1948ರಲ್ಲಿ ಒಂದು ಪುಸ್ತಕವನ್ನೇ ಸಂಪಾದಿಸಿದರು. ಮೇಲಿನಿಂದ ನೋಡುವವನಿಗೆ ಹೊಲದ ಬದುಗಳೂ ಕಾಲುದಾರಿಗಳೂ ಊರಿನ ಆಕಾರವೂ ಒಮ್ಮೆಗೇ ಕಾಣುತ್ತವೆ. ನಡೆಯುವ ಮನುಷ್ಯನ ಮುಖ ಮಾತ್ರ ಕಾಣುವುದಿಲ್ಲ. ಈ ಕೊರತೆ ಅವರಿಗೂ ತಿಳಿದಿತ್ತು. ನಗರದ ಒಂದು ಕೇರಿಯನ್ನು ನಿರ್ಧರಿಸುವುದು ಭೂಗೋಳ ಮತ್ತು ಹಣಕಾಸುಗಳಷ್ಟೇ ಅಲ್ಲ, ಅದರ ನಿವಾಸಿಗಳೂ ಹೊರಗಿನವರೂ ಅದರ ಬಗ್ಗೆ ಮನಸ್ಸಿನಲ್ಲಿ ಇರಿಸಿಕೊಂಡಿರುವ ಚಿತ್ರವೂ ಹೌದೆಂದು ಅವರು ವಾದಿಸಿದರು. 1956ರಲ್ಲಿ ಕಾರ್ಮಿಕ ಕುಟುಂಬಗಳ ದೈನಂದಿನ ಜೀವನವನ್ನು ಕುರಿತು ಅವರ ಇನ್ನೊಂದು ಗ್ರಂಥ ಹೊರಬಂದಿತು.

ಆದರೂ ನಕ್ಷೆಗೆ ಜಗತ್ಪ್ರಸಿದ್ಧಿ ಬಂದುದು ಅದನ್ನು ಬರೆಸಿದವರಿಂದಲ್ಲ, ಅದನ್ನು ಕಂಡು ಸಿಟ್ಟಾದವರಿಂದ. ಗೀ ದೆಬೋರ್ ಎಂಬ ಲೇಖಕ ಆಗ ಇಪ್ಪತ್ತೈದರ ಆಸುಪಾಸಿನ ತರುಣ. ಮನೆ, ಕೆಲಸ, ವಿನೋದಗಳ ನಿತ್ಯದ ಜಾಡನ್ನು ಬಿಟ್ಟು, ನಗರದ ಸೆಳೆತಕ್ಕೆ ಮೈಗೊಟ್ಟು ಅಲೆಯುವುದನ್ನೇ ಒಂದು ಶೋಧನ ವಿಧಾನವಾಗಿ ಬೋಧಿಸುತ್ತಿದ್ದವನು. ಈ ಅಲೆದಾಟವನ್ನು ಕುರಿತು 1956ರಲ್ಲಿ ಬರೆದ ಪ್ರಬಂಧದಲ್ಲಿ ಅವನು ವಿದ್ಯಾರ್ಥಿನಿಯ ತ್ರಿಕೋನವನ್ನು ಉದಾಹರಿಸಿದನು. 1958ರಲ್ಲಿ ಅವನ ಗುಂಪಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ನಕ್ಷೆಯೇ ಮತ್ತೆ ಅಚ್ಚಾಯಿತು. ಒಬ್ಬ ಮನುಷ್ಯಜೀವಿಯ ಬಾಳು ಇಷ್ಟು ಇಕ್ಕಟ್ಟಾಗಿರಲು ಸಾಧ್ಯವೇ ಎಂಬ ಆಕ್ರೋಶವನ್ನು ಹುಟ್ಟಿಸಬಲ್ಲ ಈ ನಕ್ಷೆಗೆ ಕಾವ್ಯದ ಶಕ್ತಿಯಿದೆಯೆಂದು ಅವನ ಅಭಿಪ್ರಾಯ. ಅಂದಿನಿಂದ ನಗರಶಾಸ್ತ್ರದ ಪುಸ್ತಕಗಳಲ್ಲಿ ಈ ತ್ರಿಕೋನ ಕಾಣಿಸಿಕೊಂಡಾಗಲೆಲ್ಲ ದೆಬೋರನ ತೀರ್ಪು ಅದರ ಬೆನ್ನಿಗೇ ಬರುತ್ತದೆ: ಸುಖವಂತರ ಮನೆಯ ಹುಡುಗಿ, ಬೇಲಿಯೊಳಗಿನ ಬದುಕು.

ಈ ತೀರ್ಪನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ರೇಖೆ ತೋರಿಸುವುದು ಸ್ಥಳವನ್ನು. ಹೊರಟ ಹೊತ್ತು, ಜೊತೆಯಲ್ಲಿದ್ದವರು, ಮನೆಗೆ ಹಿಂದಿರುಗಲೇಬೇಕಾದ ಗಳಿಗೆ, ಇವೊಂದೂ ಅದರಲ್ಲಿಲ್ಲ. ಇವುಗಳನ್ನು ತಿಳಿಯದೆ ತ್ರಿಕೋನವನ್ನು ಆಕೆಯ ಮನಸ್ಸಿನ ಅಳತೆಯೆಂದು ಓದುವುದು ಅವಸರದ ಕೆಲಸ. ದೆಬೋರನ ಅಲೆದಾಟಕ್ಕೆ ಬೇಕಾಗುವ ಬಂಡವಾಳ ಬಿಡುವು. ನಡುರಾತ್ರಿಯಲ್ಲಿ ಬೀದಿ ಅಲೆದರೆ ಯಾರೂ ಪ್ರಶ್ನಿಸದಿರುವ ಸ್ವಾತಂತ್ರ್ಯವೂ ಒಂದು ಬಂಡವಾಳವೇ. ಫ್ರಾನ್ಸಿನ ಹೆಂಗಸರು ಮೊದಲ ಬಾರಿಗೆ ಮತ ನೀಡಿದುದು 1945ರಲ್ಲಿ ಎಂಬುದನ್ನು ನೆನೆದರೆ, ಕೆಲವೇ ವರ್ಷಗಳ ಅನಂತರ ನದಿಯನ್ನು ದಾಟಿ ರಾಜ್ಯಶಾಸ್ತ್ರವನ್ನು ಕಲಿಯಲು ಹೋಗುತ್ತಿದ್ದವಳ ದಾರಿ ಅಷ್ಟೇನೂ ಕಿರಿದಾಗಿ ಕಾಣುವುದಿಲ್ಲ.

ರೇಖೆಗೆ ಕಾಲವನ್ನು ಕೂಡಿಸಿದ ಕೀರ್ತಿ ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್‌ಸ್ಟೆನ್ ಹೇಗರ್‌ಸ್ಟ್ರಾಂಡ್ ಅವರದು. ಲುಂಡ್ ವಿಶ್ವವಿದ್ಯಾನಿಲಯದ ಈ ವಿದ್ವಾಂಸರು ಎಳೆಯ ವಯಸ್ಸಿನಲ್ಲಿ ಆಸ್ಬಿ ಎಂಬ ಗ್ರಾಮಾಂತರ ಪ್ರದೇಶದ ಚರ್ಚಿನ ದಫ್ತರುಗಳನ್ನು ಹಿಡಿದು, ನೂರು ವರ್ಷಗಳ ಅವಧಿಯಲ್ಲಿ ಅಲ್ಲಿ ಬಾಳಿದ ಒಬ್ಬೊಬ್ಬರ ಹುಟ್ಟು, ವಲಸೆ, ಸಾವುಗಳನ್ನು ಬಿಡಿಬಿಡಿಯಾಗಿ ಬೆನ್ನಟ್ಟಿದ್ದರು. ಮನುಷ್ಯನ ಬಾಳು ಕಾಲದಲ್ಲಿಯೂ ಸ್ಥಳದಲ್ಲಿಯೂ ಎಲ್ಲಿಯೂ ಕಡಿಯದೆ ಸಾಗುವ ಒಂದು ಎಳೆ ಎಂಬ ಕಲ್ಪನೆಗೆ ಆ ದಫ್ತರುಗಳೇ ಬೀಜವಾದುವು. 1969ರಲ್ಲಿ ಕೋಪನ್‌ಹೇಗನ್ನಿನ ಸಮ್ಮೇಳನದಲ್ಲಿ ಮಾಡಿ ಮರುವರ್ಷ ಅಚ್ಚುಹಾಕಿಸಿದ ಭಾಷಣದಲ್ಲಿ ಅವರು ಈ ಎಳೆಯನ್ನು ಬಿಗಿಹಿಡಿಯುವ ನಿರ್ಬಂಧಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಊಟ, ನಿದ್ರೆ, ವಾಹನದ ವೇಗ ಇವು ಹಾಕುವ ಕಟ್ಟು ಒಂದು. ಬೇರೊಬ್ಬರನ್ನೋ ಒಂದು ಉಪಕರಣವನ್ನೋ ಗೊತ್ತಾದ ಹೊತ್ತಿಗೆ ಗೊತ್ತಾದ ಸ್ಥಳದಲ್ಲಿ ಕೂಡಿಕೊಳ್ಳಲೇಬೇಕಾದುದರಿಂದ ಬರುವ ಕಟ್ಟು ಎರಡನೆಯದು. ಇಂಥ ಜಾಗಕ್ಕೆ ಇಂಥವರು ಇಂಥ ವೇಳೆಯಲ್ಲಿ ಮಾತ್ರ ಬರಬಹುದೆಂಬ ಅಧಿಕಾರದ ಕಟ್ಟು ಮೂರನೆಯದು. ಇವುಗಳ ನಡುವೆ ಉಳಿಯುವ ಬಿಡುವಿನಲ್ಲಿ ಒಬ್ಬನು ಎಲ್ಲೆಲ್ಲಿಗೆ ಹೋಗಿ ಬರಬಲ್ಲನೋ ಅಷ್ಟೇ ಆ ದಿನ ಅವನ ಪಾಲಿನ ನಗರ.

ಈ ಕಣ್ಣಿನಿಂದ ಪ್ಯಾರಿಸ್ಸಿನ ತ್ರಿಕೋನವನ್ನು ಮತ್ತೆ ನೋಡಬೇಕು. ಪಿಯಾನೊ ಹೆಗಲಿಗೇರಿಸಿಕೊಂಡು ಹೋಗುವ ವಾದ್ಯವಲ್ಲ. ಗುರು, ಶಿಷ್ಯೆ, ವಾದ್ಯ ಮೂರೂ ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ ಕೂಡಬೇಕು. ವಿದ್ಯಾಲಯದಲ್ಲಿ ಅಧ್ಯಾಪಕರೂ ಸಹಪಾಠಿಗಳೂ ಕೂಡಬೇಕು. ಮನೆಯಲ್ಲಿ ಊಟದ ವೇಳೆಗೆ ಮನೆಯವರು ಕೂಡಬೇಕು. ಮೂರು ತುದಿಗಳೂ ಎರಡನೆಯ ಬಗೆಯ ಕಟ್ಟಿನ ಗಂಟುಗಳು. ಇತರರ ವೇಳಾಪಟ್ಟಿಗೆ ತನ್ನ ದಿನವನ್ನು ಹೊಂದಿಸಿಕೊಂಡವಳ ಚಿತ್ರ ಇಲ್ಲಿ ಮೂಡಿದೆ. ವಿದ್ಯಾರ್ಥಿದೆಸೆಯೆಂದರೆ ಬಹುಮಟ್ಟಿಗೆ ಇದೇ ಅಲ್ಲವೆ?

ತ್ರಿಕೋನ ಚಿಕ್ಕದಾದುದರಿಂದ ಬಾಳೂ ಬಡವೆಂಬ ವಾದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉತ್ತರವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು, ಬೆಂಗಳೂರುಗಳಿಗೆ ಹಳ್ಳಿಗಳಿಂದ ಓದಲು ಬಂದ ಎಷ್ಟೋ ಬಡ ಹುಡುಗರು ವಾರಾನ್ನದಿಂದ ಹೊಟ್ಟೆ ಹೊರೆದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ. ಇಂಥ ಹುಡುಗನೊಬ್ಬನ ಸಂಚಾರವನ್ನು ಶೊಂಬಾರ್ ದ ಲೋವ್ ಅವರ ಕ್ರಮದಲ್ಲಿ ನಕ್ಷೆಗಿಳಿಸಿದರೆ ತ್ರಿಕೋನ ಮೂಡುವುದಿಲ್ಲ. ಬಿಡಾರ, ಕಾಲೇಜು, ಏಳು ಮನೆಗಳು ಸೇರಿ ಒಂಬತ್ತು ಮೂಲೆಗಳ ವಿಸ್ತಾರವಾದ ಆಕೃತಿ ಮೂಡುತ್ತದೆ. ಆ ವಿಸ್ತಾರವನ್ನು ಕಂಡು ಎಂಥ ಸ್ವಚ್ಛಂದ ಜೀವಿಯೆಂದು ಹೇಳುವವರುಂಟೆ? ಅವನನ್ನು ಕೇರಿಯಿಂದ ಕೇರಿಗೆ ನಡೆಸಿದ್ದು ಹಸಿವು. ಒಂದು ಮನೆಯವರು ಊರಿಗೆ ಹೋದರೆ ಆ ವಾರದ ಆ ಮೂಲೆಯೇ ನಕ್ಷೆಯಿಂದ ಬಿದ್ದುಹೋಗುತ್ತಿತ್ತು, ಅಂದು ಉಪವಾಸ. ವಾರಾನ್ನವಾದರೂ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಸಿಕ್ಕಿದ ಅನುಕೂಲ. ಆ ಮನೆಗಳ ಬಾಗಿಲು ತೆರೆಯದ ಜಾತಿಗಳ ಹುಡುಗರ ಪಾಲಿಗೆ ವಿದ್ಯಾರ್ಥಿನಿಲಯಗಳು ಬರುವವರೆಗೆ ನಗರದಲ್ಲಿ ನಿಲ್ಲುವುದಕ್ಕೆ ಒಂದು ಬಿಂದುವೂ ದುರ್ಲಭವಾಗಿತ್ತು. ಬೇರೆಬೇರೆ ಸಮುದಾಯಗಳ ಸಂಘಗಳೂ ಸರ್ಕಾರವೂ ಆ ಕಾಲದಲ್ಲಿ ಕಟ್ಟಿಸಿದ ವಿದ್ಯಾರ್ಥಿನಿಲಯಗಳ ಮಹತ್ತ್ವವನ್ನು ನಮ್ಮ ಶಿಕ್ಷಣದ ಚರಿತ್ರೆ ಇನ್ನೂ ಸರಿಯಾಗಿ ಅಳೆದಿಲ್ಲ.

ಇಲ್ಲಿಯೇ ಅಳತೆಯ ಕಾಲಾವಧಿಯ ಪ್ರಶ್ನೆಯೂ ಏಳುತ್ತದೆ. ವಾರಾನ್ನದ ಹುಡುಗನನ್ನು ಒಂದು ದಿನ ಮಾತ್ರ ಹಿಂಬಾಲಿಸಿದ ಸಂಶೋಧಕನಿಗೆ ಕಾಣುವುದೂ ತ್ರಿಕೋನವೇ: ಬಿಡಾರ, ಕಾಲೇಜು, ಊಟದ ಮನೆ. ಏಳು ದಿನ ಹಿಂಬಾಲಿಸಿದವನಿಗಷ್ಟೇ ನಿಜ ತಿಳಿಯುತ್ತದೆ. ಕೆನಡದ ಟೊರಾಂಟೊ ನಗರದಲ್ಲಿ 2015ರಲ್ಲಿ ನಾಲ್ಕು ವಿಶ್ವವಿದ್ಯಾನಿಲಯಗಳು ಕೂಡಿ ತಮ್ಮ ವಿದ್ಯಾರ್ಥಿಗಳ ಸಂಚಾರವನ್ನು ವಿಚಾರಿಸಿದುವು. 15,000ಕ್ಕೂ ಮಿಕ್ಕು ವಿದ್ಯಾರ್ಥಿಗಳು ಉತ್ತರ ಕೊಟ್ಟರು. ಒಂದು ದಿನದ ಸಂಚಾರದ ವಿವರವನ್ನು ಅವರಿಂದ ಬರೆಯಿಸಿಕೊಂಡರು. ದೂರದಿಂದ ಬರುವವರು ಕಾಲೇಜಿಗೆ ಬರುವ ದಿನಗಳೇ ಕಡಿಮೆಯೆಂದೂ, ಪಾಠ ಮುಗಿದ ಮೇಲೆ ಅಲ್ಲಿ ನಡೆಯುವ ಚಟುವಟಿಕೆಗಳಲ್ಲಿ ಸೇರಲು ಪ್ರಯಾಣವೇ ಅಡ್ಡಿಯೆಂದೂ ಈ ಉತ್ತರಗಳಿಂದ ಕಂಡುಬಂತು. ಒಂದು ದಿನದ ಲೆಕ್ಕವಾದರೂ ಇದರಲ್ಲಿ ಒಂದು ದೊಡ್ಡ ಗುಣವಿದೆ. ವಿದ್ಯಾರ್ಥಿಯನ್ನೇ ಕೇಳಿ ಪಡೆದ ಉತ್ತರವಾದುದರಿಂದ, ಯಾವುದು ಹೋದ ದಾರಿ, ಯಾವುದು ಹೋಗಲಾಗದೆ ಬಿಟ್ಟ ದಾರಿ ಎಂಬ ಎರಡೂ ಅದರಲ್ಲಿ ಬರುವುದಕ್ಕೆ ಅವಕಾಶವುಂಟು. ಬಿಟ್ಟ ದಾರಿಯನ್ನು ಯಾವ ನಕ್ಷೆಯೂ ತಾನಾಗಿ ತೋರಿಸಲಾರದು.

ದೂರವೆಂಬುದು ಯಾವಾಗಲೂ ವಿದ್ಯಾರ್ಥಿಯ ಆಯ್ಕೆಯಲ್ಲವೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಅಂಗವಾಯಿತು; ಅದು ಊರಿನ ನಡುವೆ ಇರುವ ಕಾಲೇಜು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ, ತದನಂತರ ಅದರ ಸ್ನಾತಕೋತ್ತರ ವಿಭಾಗಗಳು ನಗರದ ನೈಋತ್ಯದಂಚಿನ ಜ್ಞಾನಭಾರತಿಗೆ ಹೋದಾಗ, ಸಾವಿರಾರು ವಿದ್ಯಾರ್ಥಿಗಳ ತ್ರಿಕೋನಗಳ ಒಂದು ತುದಿಯನ್ನು ವಿಶ್ವವಿದ್ಯಾನಿಲಯವೇ ಹಿಡಿದೆಳೆದಂತಾಯಿತು. ಜ್ಞಾನಭಾರತಿಯ ಹೆಸರಿನ ಮೆಟ್ರೊ ನಿಲ್ದಾಣ ತೆರೆದುದು 2021ರಲ್ಲಿ. ನಡುವಣ ದಶಕಗಳನ್ನೆಲ್ಲ ಬಸ್ಸು ಹೊತ್ತಿತು.

ಬಸ್ಸಿನ ಮಾತು ಬಂದುದರಿಂದ ವಿದ್ಯಾರ್ಥಿ ಪಾಸನ್ನು ಕುರಿತೂ ಒಂದು ಮಾತು. ರಾಜ್ಯ ರಸ್ತೆ ಸಾರಿಗೆಯ ಪಾಸು ವಾಸಸ್ಥಳದಿಂದ ವಿದ್ಯಾಸಂಸ್ಥೆಯವರೆಗಿನ ಪ್ರಯಾಣಕ್ಕೆ ಕೊಡುವಂಥದು. ಅದರ ಮೇಲೆ ಬರೆದಿರುವುದು ಎರಡು ಬಿಂದುಗಳು, ಅವುಗಳ ನಡುವೆ ಒಂದು ಗೆರೆ. ಪಿಯಾನೊ ಗುರುವಿಗೆ ಅಲ್ಲಿ ಸ್ಥಳವಿಲ್ಲ. ಸಾರ್ವಜನಿಕ ಗ್ರಂಥಾಲಯಕ್ಕೂ ಇಲ್ಲ, ನಾಟಕಶಾಲೆಗೂ ಇಲ್ಲ. ಹಳ್ಳಿಗೆ ಹೋಗುವ ಸಾಯಂಕಾಲದ ಕೊನೆಯ ಬಸ್ಸು ಹೇಗರ್‌ಸ್ಟ್ರಾಂಡ್ ಅವರ ಸಿದ್ಧಾಂತವನ್ನು ಕಾಲೇಜು ಹುಡುಗರಿಗೆ ಯಾವ ಅಧ್ಯಾಪಕನಿಗಿಂತಲೂ ಚೆನ್ನಾಗಿ ಕಲಿಸುತ್ತದೆ. 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ ವಿದ್ಯಾರ್ಥಿನಿಯರ ಮಟ್ಟಿಗೆ ಈ ಎರಡು ಬಿಂದುಗಳ ಗೆರೆ ಅಳಿಸಿಹೋಯಿತು. ಕಂಡಕ್ಟರು ಕೊಡುವ ಶೂನ್ಯ ದರದ ಟಿಕೆಟ್ಟು ಹತ್ತಿದ ಸ್ಥಳವನ್ನೂ ಇಳಿಯುವ ಸ್ಥಳವನ್ನೂ ಹೇಳುತ್ತದೆ. ಯಾರು, ಏಕೆ ಎಂಬುದನ್ನು ಹೇಳುವುದಿಲ್ಲ. ಮುಂದಿನ ಚರಿತ್ರಕಾರನಿಗೆ ಇದೊಂದು ವಿಚಿತ್ರವಾದ ಆಧಾರವಾಗಬಹುದು.

ಇನ್ನು ಯಂತ್ರಗಳ ಕಾಲ. 2004ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ನೇಥನ್ ಈಗಲ್ ಮತ್ತು ಅಲೆಕ್ಸ್ ಪೆಂಟ್ಲೆಂಡ್ ಎಂಬ ಸಂಶೋಧಕರು 100 ಮಂದಿಯ ಕೈಗೆ ಮೊಬೈಲು ದೂರವಾಣಿಗಳನ್ನು ಕೊಟ್ಟು, ಅವು ಯಾವ ಗೋಪುರದ ಹತ್ತಿರವಿವೆ, ಯಾರ ದೂರವಾಣಿ ಯಾರದರ ಸಮೀಪಕ್ಕೆ ಬಂತು ಎಂಬುದನ್ನು ಒಂದು ವಿದ್ಯಾವರ್ಷದುದ್ದಕ್ಕೂ ದಾಖಲಿಸಿದರು. ಆ ಮಂದಿಯಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಸುಮಾರು ಹತ್ತು ವರ್ಷಗಳ ಅನಂತರ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಸೂನೆ ಲೇಮನ್ ಮತ್ತು ಅವರ ಸಂಗಡಿಗರು ಸುಮಾರು 1,000 ವಿದ್ಯಾರ್ಥಿಗಳ ಒಪ್ಪಿಗೆ ಪಡೆದು ಇದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದರು. ಈ ಸಾಮಗ್ರಿಯನ್ನೂ ಬೇರೆಡೆಯ ಸಾಮಗ್ರಿಯನ್ನೂ ಕೂಡಿಸಿ 2018ರಲ್ಲಿ ಪ್ರಕಟವಾದ ಒಂದು ಫಲಿತಾಂಶ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿದೆ. ಒಬ್ಬ ವ್ಯಕ್ತಿ ಯಾವುದೇ ಕಾಲದಲ್ಲಿ ರೂಢಿಯಾಗಿ ಹೋಗಿಬರುವ ಸ್ಥಳಗಳು ಸುಮಾರು 25. ಹೊಸದೊಂದು ಸೇರಿದರೆ ಹಳೆಯದೊಂದು ಬಿಟ್ಟುಹೋಗುತ್ತದೆ, ಮೊತ್ತ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಇಕ್ಕಟ್ಟು ಹದಿನಾರನೆಯ ವಿಭಾಗದ ಹುಡುಗಿಯೊಬ್ಬಳ ಲಕ್ಷಣವಲ್ಲ, ಮನುಷ್ಯಸಾಮಾನ್ಯವಾದದ್ದು ಎಂದಾಯಿತು.

ಆದರೆ ಯಂತ್ರ ತಂದಿಟ್ಟ ಇನ್ನೊಂದು ಪ್ರಶ್ನೆ ಇದಕ್ಕಿಂತ ತೂಕವಾದುದು. ಪ್ಯಾರಿಸ್ಸಿನ ನಕ್ಷೆಯಲ್ಲಿ ಹುಡುಗಿಯ ಹೆಸರಿಲ್ಲ. ಆದರೆ ಆಕೆಯ ಮನೆಯಿದೆ, ವಿದ್ಯಾಲಯವಿದೆ, ಗುರುವಿನ ಮನೆಯಿದೆ. ಆ ನೆರೆಹೊರೆಯನ್ನು ಬಲ್ಲವನಿಗೆ ಹೆಸರು ಬೇಕೆ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಸಂದೇಹಕ್ಕೆ ಲೆಕ್ಕ ಒದಗಿಸಿತು. 15 ಲಕ್ಷ ಜನರ ದೂರವಾಣಿಗಳ ಹದಿನೈದು ತಿಂಗಳ ದಾಖಲೆಯಲ್ಲಿ, ಇಂಥ ಹೊತ್ತಿನಲ್ಲಿ ಇಂಥ ಕಡೆ ಇದ್ದನೆಂಬ ನಾಲ್ಕೇ ಬಿಂದುಗಳು ತಿಳಿದಿದ್ದರೆ ನೂರಕ್ಕೆ 95 ಜನರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದೆಂದು ಅದು ತೋರಿಸಿತು. ಅಂದಮೇಲೆ ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ, ಜಾಡೇ ಹೆಸರು. 2019ರ ವೇಳೆಗೆ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ತರಗತಿಗೆ ಬಂದರೋ ಇಲ್ಲವೋ ಎಂಬುದನ್ನು ವಿದ್ಯಾರ್ಥಿಗಳ ದೂರವಾಣಿಗಳಿಂದಲೇ ಪತ್ತೆಮಾಡುವ ಏರ್ಪಾಡು ನಡೆದಿತ್ತು. ಅರಿಯುವುದಕ್ಕಾಗಿ ಎಳೆದ ರೇಖೆ ಕಾಯುವುದಕ್ಕಾಗಿ ಎಳೆದ ರೇಖೆಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ದಾವೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ನಮ್ಮ ಕಾಲೇಜುಗಳಲ್ಲಿಯೂ ಇಂಥ ಅಧ್ಯಯನವನ್ನು ಕೈಗೊಳ್ಳಬಹುದೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ದುಬಾರಿಯ ಯಂತ್ರಗಳೇನೂ ಬೇಕಿಲ್ಲ. ಇತಿಹಾಸದ ಅಥವಾ ಭೂಗೋಳದ ಒಂದು ತರಗತಿಯ ವಿದ್ಯಾರ್ಥಿಗಳು ಒಂದು ವಾರದ ಸಂಚಾರವನ್ನು ತಾವೇ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಒಂದು ದಿನದ್ದಾದರೆ ಸಾಲದೆಂಬುದನ್ನು ವಾರಾನ್ನದ ಉದಾಹರಣೆಯಲ್ಲಿ ಕಂಡೆವು. ಹೊರಟ ಹೊತ್ತು, ಹೋದ ಸ್ಥಳ, ಜೊತೆಗಿದ್ದವರು ಇವುಗಳ ಜೊತೆಗೆ, ಹೋಗಬೇಕೆಂದಿದ್ದು ಹೋಗಲಾಗದ ಸ್ಥಳ ಮತ್ತು ಅದರ ಕಾರಣ ಎಂಬ ಒಂದು ಕಲಮನ್ನೂ ಸೇರಿಸಬೇಕು. ಬಸ್ಸು ತಪ್ಪಿದ್ದು, ಮನೆಯಲ್ಲಿ ಬೇಡವೆಂದದ್ದು, ಸಂಜೆಯ ಕೆಲಸಕ್ಕೆ ಹೊತ್ತಾದದ್ದು, ಕೈಯಲ್ಲಿ ಕಾಸಿಲ್ಲದ್ದು ಎಲ್ಲ ಆ ಕಲಮಿನಲ್ಲಿ ಬರುತ್ತವೆ. ಅಧ್ಯಯನದ ತಿರುಳೂ ಅಲ್ಲಿಯೇ ಇರುವುದೆಂದು ನಮ್ಮ ಊಹೆ. ಬರೆಯಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು; ಹಾಜರಿ ಪುಸ್ತಕಕ್ಕೂ ಇದಕ್ಕೂ ಯಾವ ಸಂಬಂಧವೂ ಇರಬಾರದು. ನಕ್ಷೆಗಳನ್ನು ತರಗತಿಯಲ್ಲಿ ಒಟ್ಟಾಗಿ ಎಳೆದು ಮುಗಿದ ಮೇಲೆ ಪುಸ್ತಕಗಳನ್ನು ಬರೆದವರಿಗೇ ಹಿಂದಿರುಗಿಸತಕ್ಕದ್ದು.